ಒಂದು ನಮೂನಿ ಅಂದರೆ ಯಾವ ನಮೂನಿ?

ತಮ್ಮಾ,

ಹೋದ ಭಾನುವಾರ ನೀನು ನಾರಾಯಣಗುಡದಲ್ಲಿ ಮೆಟ್ರೊ ಇಳಿದು, ಬಿಸಿಲಲ್ಲೇ ನಡೆದುಕೊಂಡು ಹಿಮಾಯತ್‌ನಗರದ ನಮ್ಮ ಮನೆಗೆ ಬಂದಾಗ ಬಾಗಿಲು ತೆಗೆದವಳು ನಿಮ್ಮತ್ತೆ. ನಿನ್ನ ಮುಖ ನೋಡಿದ್ದೇ ತಡ, ‘ಯಾಕೋ, ಮಾರಿ ಹಿಂಗ್ಯಾಕ ಆಗ್ಯಾದ?’ ಅಂದಳು. ‘ಏನಿಲ್ಲ ಅತ್ತಿ’ ಅಂದೆ. ಚಹಾ ಕುಡಿಯುವಾಗ ನಾನೂ ಕೇಳಿದೆ. ‘ಒಂದ್ ನಮೂನಿ ಆಗ್ಯಾದ ಮಾಮಾ’ ಅಂದೆ. ಯಾವ ನಮೂನಿ ಅಂತ ಬಿಡದೆ ಕೇಳಿದ್ದಕ್ಕೆ ಉಸ್ಮಾನಿಯಾ ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ, ಅದು ಮೆತ್ತಗಾಗಿ ಮುರಿದು ಕಪ್ಪಿನೊಳಗೆ ಬೀಳುವ ತನಕ ಹಿಡಿದುಕೊಂಡೇ ಕೂತೆ.

ಹೊರಡುವಾಗ ಟಿಟಿಡಿ ಗುಡಿಯ ಹತ್ತಿರ, ಆಟೊಗಳ ಹಾರ್ನಿನ ನಡುವೆ, ನನ್ನ ಕಡೆ ನೋಡದೆ ಹೇಳಿದೆ: ‘ಮಗಳು ಹುಟ್ಟಿದಾಗ ನನಗ ಏನೂ ಅನಸಲೇ ಇಲ್ಲ ಮಾಮಾ. ಎಲ್ಲಾರೂ ನಕ್ಕರು, ನಾನೂ ನಕ್ಕೆ. ನಿನಗ ಖುಷಿ ಆಗ್ಯಾದೋ ಇಲ್ಲೋ ಅಂತ ಹೆಂಡತಿ ಇನ್ನೂ ಕೇಳ್ತಾಳ. ಏನ್ ಹೇಳಲಿ? ನಾ ಕಲ್ಲೇನು?’

ಆಗ ನನಗೆ ಮಾತು ಹೊಳೆಯಲಿಲ್ಲ. ಬೆನ್ನು ತಟ್ಟಿ ಕಳಿಸಿದೆ. ಬೆನ್ನು ತಟ್ಟುವುದು ಉತ್ತರವಲ್ಲ ಅಂತ ಗೊತ್ತು, ಅದಕ್ಕೇ ಈಗ ಬರೆಯುತ್ತಿದ್ದೇನೆ. ನಿನ್ನನ್ನು ಕೇಳಿ, ನಿನ್ನ ಹೆಸರು ತೆಗೆದು, ಇದನ್ನು ನಾಲ್ಕು ಜನರ ಮುಂದೂ ಇಡುತ್ತಿದ್ದೇನೆ. ನಿನ್ನಂಥವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಅವರಲ್ಲಿ ನಾನೂ ಒಬ್ಬ.

ಮೊದಲು ಕಲ್ಲಿನ ವಿಚಾರ. ಹೆರಿಗೆಯ ರಾತ್ರಿ ನಾನು ನಿನ್ನ ಜೊತೆಗೇ ಇದ್ದೆ. ನೀನು ಕಾಲಿಗೆ ಹಾಕಿಕೊಂಡು ಬಂದಿದ್ದ ಚಪ್ಪಲಿಗಳಲ್ಲಿ ಒಂದು ನಿನ್ನದು, ಇನ್ನೊಂದು ಪಕ್ಕದ ಮನೆಯವರದು. ನರ್ಸ್‌ ಕೊಟ್ಟ ಫಾರ್ಮಿನಲ್ಲಿ ತಾಯಿಯ ಹೆಸರು ಬರೆಯುವ ಕಡೆ ನಿನ್ನ ಹೆಸರನ್ನೇ ಬರೆದೆ. ನೀರಿನ ಬಾಟಲಿ ಕೊಡುವಾಗ ನಿನ್ನ ಕೈ ಮುಟ್ಟಿದರೆ ಏಪ್ರಿಲ್ ತಿಂಗಳ ಹೈದರಾಬಾದಿನಲ್ಲಿ ಅದು ಮಂಜಿನಂತೆ ತಣ್ಣಗಿತ್ತು. ಕಲ್ಲಿಗೆ ಹೀಗೆಲ್ಲ ಆಗುವುದಿಲ್ಲ. ಒಳಗೆ ಏನೋ ದೊಡ್ಡದಾಗಿಯೇ ನಡೆದಿತ್ತು. ಅದರ ಸುದ್ದಿ ನಿನಗೆ ತಲುಪಲಿಲ್ಲ, ಅಷ್ಟೆ.

ನಾನು ಮೂವತ್ತನಾಲ್ಕು ವರ್ಷ ಸರ್ಕಾರಿ ಲೆಕ್ಕಪತ್ರದ ಕಚೇರಿಯಲ್ಲಿ ದುಡಿದವನು. ನಮ್ಮಲ್ಲಿ ‘ಸಸ್ಪೆನ್ಸ್’ ಅಂತ ಒಂದು ಖಾತೆ ಇತ್ತು. ಎಲ್ಲಿಂದಲೋ ಹಣ ಬಂದಿರುತ್ತದೆ, ಚಲನ್ ಇರುತ್ತದೆ, ಮೊತ್ತ ಸರಿ ಇರುತ್ತದೆ. ಆದರೆ ಯಾವ ಹೆಡ್ಡಿಗೆ, ಅಂದರೆ ಲೆಕ್ಕದ ಯಾವ ಶೀರ್ಷಿಕೆಗೆ, ಹಾಕಬೇಕು ಅಂತ ಗೊತ್ತಾಗುವುದಿಲ್ಲ. ಹಾಗಂತ ಆ ಹಣ ಬಂದೇ ಇಲ್ಲ ಅನ್ನುವ ಹಾಗಿಲ್ಲ. ಸಸ್ಪೆನ್ಸಿಗೆ ಹಾಕಿ ಇಡಬೇಕು, ಕಾಗದಪತ್ರ ಸಿಕ್ಕ ಮೇಲೆ ಸರಿಯಾದ ಹೆಡ್ಡಿಗೆ ವರ್ಗಾಯಿಸಬೇಕು. ಹೊಸದಾಗಿ ಸೇರಿದ ಹುಡುಗರು ತಲೆಬೇನೆ ಬೇಡ ಅಂತ ‘ನಿಲ್’ ಎಂದು ಬರೆದು ಕೈ ತೊಳೆದುಕೊಳ್ಳುತ್ತಿದ್ದರು. ಆಡಿಟ್‌ನಲ್ಲಿ ಸಿಕ್ಕಿಬೀಳುತ್ತಿದ್ದರು. ನೀನು ‘ಏನಿಲ್ಲ’ ಅನ್ನುತ್ತೀಯಲ್ಲ, ಅದು ನಿಲ್ ರಿಪೋರ್ಟು. ‘ಒಂದ್ ನಮೂನಿ’ ಅಂದೆಯಲ್ಲ, ಅದು ಸಸ್ಪೆನ್ಸ್. ಎರಡನೆಯದು ಎಷ್ಟೋ ಮೇಲು.

ನನ್ನ ಆಡಿಟ್ ಹೇಗಾಯಿತು ಅಂತ ಹೇಳುತ್ತೇನೆ ಕೇಳು. 1998ರಲ್ಲಿ ಅಪ್ಪ, ಅಂದರೆ ನಿನ್ನಜ್ಜ, ಸೇಡಂನಲ್ಲಿ ತೀರಿಕೊಂಡ. ನೀನಾಗ ನಾಲ್ಕು ವರ್ಷದ ಹುಡುಗ, ನೆನಪಿರಲಿಕ್ಕಿಲ್ಲ. ಕಚೇರಿಗೆ ಫೋನ್ ಬಂತು. ರಜೆ ಅರ್ಜಿ ಬರೆದುಕೊಟ್ಟೆ, ರೈಲು ಹಿಡಿದೆ, ತಾಂಡೂರು ದಾಟುವಾಗ ಯಾರಿಗೆಲ್ಲ ಹೇಳಿ ಕಳಿಸಬೇಕು ಅಂತ ಪಟ್ಟಿ ಮಾಡಿದೆ. ಊರಲ್ಲಿ ಕಟ್ಟಿಗೆ, ಹೂವು, ಬಂದವರ ಊಟ, ಎಲ್ಲಾ ನಾನೇ ನಿಂತು ಮಾಡಿಸಿದೆ. ನಿಮ್ಮವ್ವ ಅತ್ತೂ ಅತ್ತೂ ಸುಸ್ತಾಗಿ ಬಿದ್ದಿದ್ದಳು. ನನ್ನ ಕಣ್ಣಲ್ಲಿ ಹನಿ ನೀರಿಲ್ಲ. ದಿನಗಳೆಲ್ಲ ಮುಗಿದ ಮೇಲೆ ಖರ್ಚಿನ ಲೆಕ್ಕ ಕೂಡಿದೆ, ಒಂದು ರೂಪಾಯಿ ಹೆಚ್ಚುಕಡಿಮೆ ಇರಲಿಲ್ಲ. ‘ಗಟ್ಟಿ ಮನುಷ್ಯಾ’ ಅಂದರು ಊರ ಹಿರಿಯರು. ನಾನೂ ಹಾಗೇ ಅಂದುಕೊಂಡೆ.

ಒಂದೂವರೆ ತಿಂಗಳಾದ ಮೇಲೆ ಹೊಟ್ಟೆ ಹಿಡಿದುಕೊಂಡಿತು. ಎದೆಗೂಡಿನ ಕೆಳಗೆ ಯಾರೋ ಮುಷ್ಟಿ ಒತ್ತಿ ಹಿಡಿದ ಹಾಗೆ. ಗ್ಯಾಸ್ ಅಂದರು. ಗುಳಿಗೆ ನುಂಗಿದೆ, ಜೀರಿಗೆ ನೀರು ಕುಡಿದೆ, ಮೆಣಸಿನಕಾಯಿ ಬಿಟ್ಟೆ. ಇಬ್ಬರು ಡಾಕ್ಟರಾದರು, ನಳಿಗೆ ಇಳಿಸಿಯೂ ನೋಡಿದರು. ಎಲ್ಲಾ ನಾರ್ಮಲ್. ಕೊನೆಗೆ ಒಬ್ಬ ವಯಸ್ಸಾದ ಡಾಕ್ಟರ್ ಸಾಹೇಬರ ಹತ್ತಿರ ನಿಮ್ಮತ್ತೆ ಕರೆದುಕೊಂಡು ಹೋದಳು. ಇದು ಶುರುವಾಗುವುದಕ್ಕೆ ಮುಂಚೆ ಮನೆಯಲ್ಲಿ ಏನಾದರೂ ನಡೆದಿತ್ತೇ ಅಂತ ಅವರು ಉರ್ದುವಿನಲ್ಲಿ ಕೇಳಿದರು. ‘ಕುಛ್ ನೈ ಸಾಬ್’ ಅಂದೆ. ಪಕ್ಕದಲ್ಲಿ ಕೂತಿದ್ದ ನಿಮ್ಮತ್ತೆ, ‘ನಮ್ಮ ಮಾವನೋರು ತೀರಿಕೊಂಡ್ರು’ ಅಂದಳು. ಆತ ನನ್ನನ್ನೇ ನೋಡುತ್ತಾ ಕೇಳಿದರು: ‘ಇದಕ್ಕೆ ಕುಛ್ ನೈ ಅಂತಾರಾ?’

ನಾನು ಸುಳ್ಳು ಹೇಳಿರಲಿಲ್ಲ ತಮ್ಮಾ. ನಿಜವಾಗಿಯೂ ಅದು ನೆನಪಿಗೇ ಬಂದಿರಲಿಲ್ಲ.

ಅಲ್ಲಿಯೂ ಅಳು ಬರಲಿಲ್ಲ. ಬಂದದ್ದು ಆಮೇಲೆ, ಮನೆಯಲ್ಲಿ, ಹಳೆಯ ಜಮಾಖರ್ಚಿನ ನೋಟ್‌ಬುಕ್ಕಿನಲ್ಲಿ ಏನೋ ಹುಡುಕುವಾಗ. ಅಪ್ಪ ಸಾಯುವುದಕ್ಕೆ ಎರಡು ತಿಂಗಳ ಮುಂಚೆ ನಮ್ಮಲ್ಲಿಗೆ ಬಂದಾಗಿನ ಒಂದು ಸಾಲು ನನ್ನ ಅಕ್ಷರದಲ್ಲೇ ಇತ್ತು: ‘ಅಪ್ಪನ ಚಪ್ಪಲಿ ಹೊಲಿಗೆ, 6 ರೂ.’ ಅಡುಗೆಮನೆಯ ಕಟ್ಟೆ ಹಿಡಿದು ನಿಂತವನು ಕೂತುಬಿಟ್ಟೆ. ಹೊಟ್ಟೆನೋವು ಅವತ್ತೇ ಮಾಯವಾಯಿತು ಅಂತ ಹೇಳಿದರೆ ಕಥೆ ಚಂದ ಆಗುತ್ತದೆ. ಆಗಲಿಲ್ಲ. ನಾಲ್ಕೈದು ತಿಂಗಳು ಹಿಡಿಯಿತು, ಸಣ್ಣಸಣ್ಣಗೆ ಇಳಿಯಿತು.

ಒಳಗಿನದು ತನಗೇ ತಿಳಿಯದ ಈ ತೊಂದರೆಗೆ ವೈದ್ಯರ ಲೋಕದಲ್ಲಿ ಒಂದು ಹೆಸರಿದೆ: ಅಲೆಕ್ಸಿಥೈಮಿಯಾ. ಗ್ರೀಸ್ ಮೂಲದ ಪೀಟರ್ ಸಿಫ್ನಿಯೋಸ್ ಎಂಬ ಮನೋವೈದ್ಯರು 1970ರ ದಶಕದ ಆರಂಭದಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿದ್ದಾಗ ಗ್ರೀಕ್ ಮಾತುಗಳನ್ನು ಜೋಡಿಸಿ ಇದನ್ನು ಕಟ್ಟಿದರು. ಭಾವಕ್ಕೆ ಮಾತಿಲ್ಲದಿರುವುದು ಅಂತ ಅರ್ಥ. ಅವರ ಬಳಿ ಬರುತ್ತಿದ್ದವರು ಹೊಟ್ಟೆ ಹುಣ್ಣು, ಉಬ್ಬಸದಂಥ ಕಾಯಿಲೆಯವರು. ಮೈಯ ನೋವನ್ನು ಇಂಚಿಂಚೂ ವರ್ಣಿಸುವರು, ನಿಮಗೆ ಹೇಗನ್ನಿಸುತ್ತದೆ ಅಂದರೆ ಸುಮ್ಮನಾಗುವರು. ಈಗ ಇದನ್ನು ಅಳೆಯಲು ಟೊರಾಂಟೊದವರು 1994ರಲ್ಲಿ ರೂಪಿಸಿದ ಇಪ್ಪತ್ತು ಪ್ರಶ್ನೆಗಳ ಮಾಪಕವಿದೆ. ಇದೊಂದು ರೋಗವಲ್ಲ, ಒಂದು ಸ್ವಭಾವ. ಒಬ್ಬೊಬ್ಬರಲ್ಲಿ ಹೆಚ್ಚು, ಒಬ್ಬೊಬ್ಬರಲ್ಲಿ ಕಡಿಮೆ. ಸುಮಾರಾಗಿ ಹತ್ತು ಜನರಲ್ಲಿ ಒಬ್ಬರಿಗೆ ಎದ್ದು ಕಾಣುವಷ್ಟು ಇರುತ್ತದೆ ಅನ್ನುತ್ತಾರೆ. ಆಟಿಸಂ ಇರುವವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ. ಕೆಲವರಿಗೆ ಹುಟ್ಟಿನಿಂದಲೇ ಬಂದದ್ದು, ಕೆಲವರಿಗೆ ದೊಡ್ಡ ಪೆಟ್ಟು ಬಿದ್ದ ಮೇಲೆ ಬಂದದ್ದು. ನಿನಗೆ ಇದೇ ಇದೆ ಅಂತ ನಾನು ಹೇಳುತ್ತಿಲ್ಲ. ಲೆಕ್ಕದ ಗುಮಾಸ್ತ ನಾನು, ಡಾಕ್ಟರಲ್ಲ. ಹೆಸರೊಂದು ಇದೆ ಅಂತ ಗೊತ್ತಾದರೆ ನೀನು ಒಬ್ಬನೇ ಅಲ್ಲ ಅಂತ ತಿಳಿಯುತ್ತದಲ್ಲ, ಅದಕ್ಕೆ ಹೇಳಿದೆ.

ನಮ್ಮ ಕಡೆಯ ಒಂದು ಸಂಗತಿಯನ್ನೂ ಇಲ್ಲಿ ಸೇರಿಸಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಆರ್. ರಘುರಾಮ್ ಮತ್ತು ಸಂಗಡಿಗರು ಖಿನ್ನತೆಯ 80 ಮಂದಿ ಹೊರರೋಗಿಗಳನ್ನು ಮಾತಾಡಿಸಿ 1996ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಮೈಯ ನೋವನ್ನು ಮುಂದೆ ಮಾಡಿದವರಿಗೆ ಜನ ಏನಂದಾರು ಎಂಬ ಅಳುಕು ಕಡಿಮೆ ಇತ್ತು, ಮನಸ್ಸಿನ ನೋವು ಹೇಳಿಕೊಂಡವರಿಗೆ ಅದು ಹೆಚ್ಚಿತ್ತು. ಇದರಲ್ಲಿ ಆಶ್ಚರ್ಯವೇನಿದೆ? ಸೊಂಟನೋವಿಗೆ ಎಣ್ಣೆ ತಿಕ್ಕುವವರು ಮನೆತುಂಬ ಸಿಗುತ್ತಾರೆ. ಬೇಗುದಿಗೆ ಯಾರು ತಿಕ್ಕುತ್ತಾರೆ? ಆದರೆ ಒಂದು ವ್ಯತ್ಯಾಸ ಗಮನಿಸು. ಒಳಗಿನದು ಗೊತ್ತಿದ್ದೂ ಹೇಳದವರು ಒಂದು ತರಹ, ತನಗೇ ಗೊತ್ತಾಗದವರು ಇನ್ನೊಂದು ತರಹ. ‘ಗಂಡಸು ಅಳಬಾರದು’ ಅಂತ ನಲವತ್ತು ವರ್ಷ ಹೇಳಿಸಿಕೊಂಡರೆ ಮೊದಲನೆಯವನು ನಿಧಾನವಾಗಿ ಎರಡನೆಯವನಾಗುತ್ತಾನೆ ಅಂತ ನನ್ನ ಅನುಮಾನ. ಇದಕ್ಕೆ ನನ್ನ ಹತ್ತಿರ ಪುರಾವೆ ಇಲ್ಲ, ನಾನಿದ್ದೇನೆ ಅಷ್ಟೆ.

ನನ್ನ ಹೊಟ್ಟೆನೋವಿನ ದಿನಗಳಲ್ಲಿ ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದಲ್ಲಿ ಸಿಕ್ಕ ಹಿರಿಯರೊಬ್ಬರು ಡಾ. ಎಂ. ಶಿವರಾಂ ಅವರ ‘ಮನಮಂಥನ’ ಓದಲು ಕೊಟ್ಟರು. 1976ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ ಪುಸ್ತಕ. ‘ರಾಶಿ’ ಅಂತ ಹೆಸರಿಟ್ಟುಕೊಂಡು 1942ರಲ್ಲಿ ‘ಕೊರವಂಜಿ’ ಪತ್ರಿಕೆ ಹೊರಡಿಸಿ ಕನ್ನಡಿಗರನ್ನು ನಗಿಸಿದ ಡಾಕ್ಟರೇ ಅವರು. ನಗಿಸುವವನೇ ಮನಸ್ಸಿನ ಕಾಯಿಲೆ ಬಗ್ಗೆ ಬರೆದಿದ್ದಾನೆ ಅಂದಮೇಲೆ ಓದಬಹುದು ಅನ್ನಿಸಿತು. ನೀನು ಇಂಗ್ಲಿಷಿನಲ್ಲೇ ಓದುವವನು, ಆದರೂ ಈ ವಿಷಯವನ್ನು ಒಂದು ಸಲ ಕನ್ನಡದಲ್ಲಿ ಓದಿ ನೋಡು. ಯಾಕೆ ಅಂತ ಹೇಳುತ್ತೇನೆ.

ಹಿಮಾಯತ್‌ನಗರದ ನಮ್ಮ ಗಲ್ಲಿಯಲ್ಲಿ ಮೂರು ಭಾಷೆ ಕಿವಿಗೆ ಬೀಳುತ್ತವೆ. ಕೆಳಗಿನ ಮನೆಯ ತೆಲುಗು ಅಮ್ಮ ‘ಏದೋಲಾ ಉಂದಿ’ ಅನ್ನುತ್ತಾರೆ. ಇಸ್ತ್ರಿ ಅಂಗಡಿಯ ಭಾಯಿ ‘ದಿಲ್ ಘಬ್ರಾರಾ’ ಅನ್ನುತ್ತಾನೆ. ನೀನು ‘ಒಂದ್ ನಮೂನಿ’ ಅನ್ನುತ್ತೀ. ಮೂವರದೂ ಒಂದೇ ಸಸ್ಪೆನ್ಸ್ ಖಾತೆ. ಆದರೆ ನಿಮ್ಮಜ್ಜಿ ಸೇಡಂನಲ್ಲಿ ಹಾಗೆ ಅಲ್ಲಿಗೇ ನಿಲ್ಲಿಸುತ್ತಿರಲಿಲ್ಲ. ‘ಎದಿ ಧಸಕ್ ಅಂತು’ ಅನ್ನುತ್ತಿದ್ದಳು. ‘ಕಳ್ಳು ಚುರ್ ಅಂತು’ ಅನ್ನುತ್ತಿದ್ದಳು. ‘ಹೊಟ್ಟ್ಯಾಗ ಕಿಚ್ಚು ಬಿದ್ದಂಗಾತು’, ‘ಕಾಲಾಗಿನ ಜೀವ ಹೋತು’, ‘ಗಂಟಲ ಕಟ್ಟಿ ಬಂತು’, ‘ಮೈಯೆಲ್ಲಾ ಉರೀತದ’, ‘ಕಣ್ಣು ತಂಪಾದವು’, ‘ಎದಿ ಹಗುರಾತು’. ಶಾಲೆಯ ಮುಖ ನೋಡದ ಆ ಮುದುಕಿಗೆ ಒಳಗೆ ಏನಾಯಿತು ಅನ್ನುವುದು ಮಾತ್ರವಲ್ಲ, ಮೈಯಲ್ಲಿ ಎಲ್ಲಿ ಆಯಿತು ಅನ್ನುವುದೂ ಗೊತ್ತಿತ್ತು. ಕನ್ನಡ ಭಾವನೆಗಳಿಗೆ ಮೈಯಲ್ಲೇ ವಿಳಾಸ ಕೊಟ್ಟಿದೆ. ನಿನ್ನಂಥವನಿಗೆ, ನನ್ನಂಥವನಿಗೆ, ಇದಕ್ಕಿಂತ ದೊಡ್ಡ ಉಪಕಾರವಿಲ್ಲ. ಯಾಕೆಂದರೆ ನಮಗೆ ಮನಸ್ಸು ಕೇಳಿಸುವುದಿಲ್ಲ, ಮೈ ಕೇಳಿಸುತ್ತದೆ.

ಭರತನೂ ನಾಟ್ಯಶಾಸ್ತ್ರದಲ್ಲಿ ಎಂಟು ಸಾತ್ವಿಕ ಭಾವಗಳನ್ನು ಹೇಳಿದ್ದಾನೆ. ಮರಗಟ್ಟುವುದು, ಬೆವರು, ರೋಮಾಂಚ, ದನಿ ಒಡೆಯುವುದು, ನಡುಕ, ಮುಖ ಬಿಳಿಚುವುದು, ಕಣ್ಣೀರು, ಮೂರ್ಛೆ. ಎಂಟೂ ಮೈಯವೇ. 

ಆದ್ದರಿಂದ ‘ನನಗೆ ಏನನ್ನಿಸುತ್ತಿದೆ’ ಅಂತ ಕೇಳಿಕೊಳ್ಳಬೇಡ. ಆ ಪ್ರಶ್ನೆಗೆ ನಿನ್ನ ಹತ್ತಿರ ಸದ್ಯಕ್ಕೆ ಉತ್ತರವಿಲ್ಲ. ಕೇಳಿ ಕೇಳಿ ನಿನ್ನ ಮೇಲೇ ನಿನಗೆ ಜುಗುಪ್ಸೆ ಬರುತ್ತದೆ. ‘ಈಗ ಮೈಯಲ್ಲಿ ಎಲ್ಲಿ, ಏನಾಗುತ್ತಿದೆ’ ಅಂತ ಕೇಳು. ದವಡೆ ಬಿಗಿಯಾಗಿದೆಯಾ, ಭುಜ ಕಿವಿಯ ಹತ್ತಿರ ಹೋಗಿದೆಯಾ, ಅಂಗೈ ಬೆವರಿದೆಯಾ, ಹೊಟ್ಟೆಯಲ್ಲಿ ತೊಳಸಿದ ಹಾಗಿದೆಯಾ, ಉಸಿರು ಗಂಟಲಲ್ಲೇ ನಿಂತಿದೆಯಾ. ದಿನಕ್ಕೆ ಮೂರು ಸಲ ಸಾಕು. ಊಟಕ್ಕೆ ಕೂರುವ ಮುಂಚೆ ಅಂತ ಇಟ್ಟುಕೋ, ಮರೆಯುವುದಿಲ್ಲ.

ಒಂದು ಸಣ್ಣ ನೋಟ್‌ಬುಕ್ ಇಟ್ಟುಕೋ. ಫೋನಿನಲ್ಲಿ ಬೇಡ, ಫೋನ್ ತೆಗೆದರೆ ನೀನು ಅದರೊಳಗೇ ಹೋಗುತ್ತೀ. ನಾಲ್ಕು ಮನೆ ಗೀಚು: ಹೊತ್ತು, ಮೈ, ಆಗ ನಡೆದ ಸಂಗತಿ, ಹೆಡ್. ಕೊನೆಯ ಮನೆ ಖಾಲಿ ಇರಲಿ. ನನ್ನ ನೋಟ್‌ಬುಕ್ಕಿನ ಒಂದು ಸಾಲು ತೋರಿಸುತ್ತೇನೆ: ‘ಮಂಗಳವಾರ ಬೆಳಿಗ್ಗೆ 9.40. ದವಡೆ ಬಿಗಿ, ಹಲ್ಲು ಕಚ್ಚಿಕೊಂಡಿದ್ದೆ. ಲಿಬರ್ಟಿ ಸಿಗ್ನಲ್. ಹೆಡ್: ಸಸ್ಪೆನ್ಸ್.’ ಟ್ರಾಫಿಕ್ಕಿನ ಸಿಟ್ಟು ಅಂತ ಆಗ ಬರೆದುಬಿಡಬಹುದಿತ್ತು. ಬರೆಯಲಿಲ್ಲ. ಗುರುವಾರ ತಿರುಗಿ ಓದುವಾಗ ನೆನಪಾಯಿತು. ಅವತ್ತು ಮನೆ ಬಿಡುವ ಮುಂಚೆ ನಮ್ಮ ಹುಡುಗ ಫೋನಿನಲ್ಲಿ ‘ಅಪ್ಪಾ, ನಿಮಗ ತಿಳಿಯಂಗಿಲ್ಲ ಬಿಡ್ರಿ’ ಅಂದಿದ್ದ. ಹಲ್ಲು ಕಚ್ಚಿದ್ದು ಆಗಿನಿಂದಲೇ. ಟ್ರಾಫಿಕ್ಕು ಏನೂ ಮಾಡಿರಲಿಲ್ಲ ಪಾಪ. ಸಸ್ಪೆನ್ಸ್ ಹೊಡೆದು ಹಾಕಿ ‘ಸಿಟ್ಟು’ ಅಂತ ಬರೆದೆ. ಸರಿ ಕೂರಲಿಲ್ಲ. ‘ಅವಮಾನ’ ಅಂತ ಬರೆದೆ. ಅದೂ ಪೂರ್ತಿ ಹೊಂದಲಿಲ್ಲ. ಕೊನೆಗೆ ‘ಮುನಿಸು’ ಅಂತ ಬರೆದಾಗ ದವಡೆ ತಾನಾಗಿ ಸಡಿಲವಾಯಿತು.

ಸಿಟ್ಟು ಯಾರ ಮೇಲೆ ಬೇಕಾದರೂ ಬರುತ್ತದೆ, ಆಟೊದವನ ಮೇಲೂ ಬರುತ್ತದೆ. ಮುನಿಸು ಬರುವುದು ನಮ್ಮವರ ಮೇಲೆ ಮಾತ್ರ. ಸಿಟ್ಟು ಅಂದುಕೊಂಡಿದ್ದರೆ ಮಗನಿಗೆ ಎರಡು ಬೈದು ಫೋನ್ ಇಡುತ್ತಿದ್ದೆ. ಮುನಿಸು ಅಂತ ಗೊತ್ತಾದ ಮೇಲೆ ‘ಊಟ ಆತೇನು’ ಅಂತ ಕೇಳಿದೆ. ಹೆಡ್ಡು ಬದಲಾದರೆ ಮುಂದಿನ ಪಾವತಿಯೇ ಬದಲಾಗುತ್ತದೆ, ಇದು ಕಚೇರಿಯಲ್ಲೂ ಹಾಗೇ.

ಶುರುವಿನಲ್ಲಿ ಇಷ್ಟು ಸೂಕ್ಷ್ಮಕ್ಕೆ ಹೋಗಬೇಡ. ನಿನ್ನ ಮಗಳು ಅಳುತ್ತಾಳಲ್ಲ, ಆಗ ನೀವಿಬ್ಬರೂ ಏನು ಮಾಡುತ್ತೀರಿ? ಹಸಿವಾ, ಒದ್ದೆಯಾ, ನಿದ್ದೆಯಾ, ಹೊಟ್ಟೆ ಉಬ್ಬರವಾ ಅಂತ ಒಂದೊಂದೇ ನೋಡಿ ತಳ್ಳಿಹಾಕುತ್ತೀರಿ. ಅವಳು ಬಾಯಿಬಿಟ್ಟು ಹೇಳಲಿಲ್ಲ ಅಂತ ಅವಳಿಗೆ ಏನೂ ಇಲ್ಲ ಅನ್ನುತ್ತೀರಾ? ನಿನ್ನನ್ನೂ ಹಾಗೇ ನೋಡಿಕೋ. ಮೊದಲು ಹಸಿವು, ನಿದ್ದೆ, ಜ್ವರ ತಳ್ಳಿಹಾಕು. ಆಮೇಲೆ ಸಿಟ್ಟಾ, ಅಂಜಿಕೆಯಾ, ದುಃಖವಾ, ಖುಷಿಯಾ ಅಂತ ನಾಲ್ಕೇ ನಾಲ್ಕು ಬಾಗಿಲು ತಟ್ಟು. ತಪ್ಪು ಬಾಗಿಲು ತಟ್ಟಿದರೂ ನಷ್ಟವಿಲ್ಲ. ಒಂದೆರಡು ತಿಂಗಳಾದ ಮೇಲೆ ಅಂಜಿಕೆಯ ಮನೆಯೊಳಗೆ ಅಳುಕು ಬೇರೆ, ದಿಗಿಲು ಬೇರೆ, ಮುಜುಗರ ಬೇರೆ ಅಂತ ಕಾಣುತ್ತದೆ. ದುಃಖದ ಮನೆಯಲ್ಲಿ ಕೊರಗು ಬೇರೆ, ಹಳಹಳಿ ಬೇರೆ. ಎರಡು ಹೆಡ್ಡು ಒಟ್ಟಿಗೇ ಬರಬಹುದು ಅನ್ನುವುದನ್ನೂ ಮರೆಯಬೇಡ. ಮಗಳು ಹುಟ್ಟಿದ ರಾತ್ರಿ ನಿನಗೆ ಬಂದದ್ದು ಹಾಗೆ ಕಲಸಿಹೋದದ್ದು ಅಂತ ನನ್ನ ಊಹೆ. ಹಿಗ್ಗಿನಷ್ಟೇ ದಿಗಿಲೂ ಇತ್ತು, ಕೈ ತಣ್ಣಗಾದದ್ದು ಅದಕ್ಕೇ. ಖುಷಿಯನ್ನು ಮಾತ್ರ ಹುಡುಕಿದ ನಿನಗೆ ಏನೂ ಸಿಗಲಿಲ್ಲ.

ಇದೆಲ್ಲ ಮುದುಕನ ಮಾತು ಅಂತ ನಿನ್ನ ಇಂಜಿನಿಯರ್ ಬುದ್ಧಿ ಹೇಳಬಹುದು. ಆದರೆ 2007ರಲ್ಲಿ ಲಾಸ್ ಏಂಜಲೀಸಿನ ಮ್ಯಾಥ್ಯೂ ಲೀಬರ್‌ಮನ್ ಮತ್ತು ಜೊತೆಯವರು ಜನರಿಗೆ ಸಿಟ್ಟಿನ, ಭಯದ ಮುಖಗಳನ್ನು ತೋರಿಸಿ ಮಿದುಳಿನ ಚಿತ್ರ ತೆಗೆದರು. ಆ ಭಾವಕ್ಕೆ ಹೆಸರು ಹೇಳಿದಾಗ ಮಿದುಳಿನ ಅಮಿಗ್ಡಲಾ ಎಂಬ ಬಾದಾಮಿ ಗಾತ್ರದ ಭಾಗದ ಗದ್ದಲ ತಗ್ಗಿತು. ಅದಕ್ಕೂ ಮುಂಚೆ 1986ರಲ್ಲಿ ಜೇಮ್ಸ್ ಪೆನ್ನೆಬೇಕರ್ ಪ್ರಕಟಿಸಿದ ಪ್ರಯೋಗದಲ್ಲಿ, ಕಾಲೇಜು ಹುಡುಗರು ನಾಲ್ಕು ದಿನ, ದಿನಕ್ಕೆ ಹದಿನೈದು ನಿಮಿಷ, ತಮಗಾದ ದೊಡ್ಡ ನೋವನ್ನು ಕುರಿತು ಬರೆದರು. ಮುಂದಿನ ತಿಂಗಳುಗಳಲ್ಲಿ, ಘಟನೆಯ ಜೊತೆಗೆ ತಮಗೆ ಅನಿಸಿದ್ದನ್ನೂ ಬರೆದವರು ಕಾಲೇಜಿನ ಆರೋಗ್ಯ ಕೇಂದ್ರಕ್ಕೆ ಹೋದದ್ದು ಉಳಿದವರಿಗಿಂತ ಕಡಿಮೆ. ಪವಾಡವೇನೂ ಅಲ್ಲ, ಪೆನ್ನಿನ ಖರ್ಚಿಗೆ ಅಷ್ಟು ಸಿಕ್ಕರೆ ಸಾಕು.

ಇನ್ನು ನಿನ್ನ ಹೆಂಡತಿಯ ವಿಷಯ. ಆಕೆ ರಾಯಚೂರಿನ ಹುಡುಗಿ, ಮನಸ್ಸಿನಲ್ಲಿದ್ದದ್ದು ನಾಲಿಗೆ ಮೇಲೆ. ನೀನು ‘ಏನಿಲ್ಲ’ ಅಂದಾಗ ಆಕೆಗೆ ಕೇಳಿಸುವುದು ‘ನಿನಗೆ ಹೇಳುವುದಿಲ್ಲ’ ಅಂತ. ನಿನಗೆ ಗೊತ್ತಿಲ್ಲ ಅನ್ನುವುದು ಆಕೆಗೆ ಗೊತ್ತಿಲ್ಲ. ಅದನ್ನು ಬಾಯಿಬಿಟ್ಟು ಹೇಳು. ‘ನನಗ ಲಗೂನ ತಿಳಿಯಂಗಿಲ್ಲ. ಹೊಟ್ಟಿ ಮಾತ್ರ ಬಿಗಿ ಆಗ್ಯಾದ. ನಾಳಿ ರಾತ್ರಿ ಹೇಳ್ತೀನಿ’ ಅನ್ನು. ಮತ್ತೆ ನಾಳೆ ರಾತ್ರಿ ಮರೆಯದೆ ಹೇಳು, ಆಕೆ ಕೇಳುವ ಮುಂಚೆಯೇ. ಇನ್ನೂ ತಿಳಿಯದಿದ್ದರೆ ‘ಇನ್ನೂ ತಿಳಿದಿಲ್ಲ’ ಅಂತಲಾದರೂ ಹೇಳು. ವಾಯಿದೆ ತಪ್ಪಿಸಿದರೆ ಮಾತ್ರ ಮುಂದಿನ ಸಲ ಸಾಲ ಹುಟ್ಟುವುದಿಲ್ಲ.

ಆಕೆಯನ್ನೇ ಕೇಳುವುದೂ ಒಂದು ದಾರಿ. ನಾನು ಬೇಜಾರಾದಾಗ ಬಾಗಿಲ ಬಳಿಯ ಚಪ್ಪಲಿಗಳನ್ನು ಸಾಲಾಗಿ ಜೋಡಿಸುತ್ತೇನಂತೆ. ಮೂವತ್ತು ವರ್ಷ ಹಾಗೆ ಮಾಡಿದ್ದೇನೆ, ನಿಮ್ಮತ್ತೆ ಹೇಳುವ ತನಕ ನನಗೇ ಗೊತ್ತಿರಲಿಲ್ಲ. ಈಗ ಬಗ್ಗಿ ಚಪ್ಪಲಿ ಮುಟ್ಟಿದರೆ ಅಲ್ಲೇ ನಿಂತು ನನ್ನನ್ನೇ ಕೇಳಿಕೊಳ್ಳುತ್ತೇನೆ. ಕಂಡವರು ಹುಚ್ಚ ಅಂದಾರು, ಅನ್ನಲಿ. ನಿನಗೂ ಇಂಥದ್ದೊಂದು ಇರುತ್ತದೆ. ಬಿಸ್ಕತ್ತು ಮುಳುಗುವ ತನಕ ಹಿಡಿದು ಕೂರುವುದೇ ಅದಿರಬಹುದು.

ವಾಟ್ಸಾಪಿನಲ್ಲಿ ಬೆಳಗಾದರೆ ಬರುವ ‘ಪಾಸಿಟಿವ್ ಆಗಿ ಯೋಚಿಸಿ’ ಅನ್ನುವ ಹೂವಿನ ಚಿತ್ರಗಳನ್ನು ತೆಗೆದುಹಾಕು. ಇರುವ ಭಾವವೇ ಗೊತ್ತಿಲ್ಲದವನಿಗೆ ಇಲ್ಲದ ಭಾವ ತಂದುಕೋ ಅನ್ನುವುದು ಎಂಥ ಉಪದೇಶ? ಶುಕ್ರವಾರ ಸಂಜೆಯ ಬಿಯರ್ ವಿಷಯವನ್ನೂ ನಿಮ್ಮವ್ವ ಹೇಳಿದ್ದಾಳೆ. ಬೈಯುವುದಿಲ್ಲ. ಆದರೆ ಕುಡಿತದ ಚಟಕ್ಕೆ ಬಿದ್ದವರಲ್ಲಿ ಈ ಮಾತಿಲ್ಲದ ಸ್ವಭಾವ ಬಹಳ ಕಾಣುತ್ತದೆ ಅಂತ ವೈದ್ಯರು ಹೇಳುತ್ತಾರೆ. ಮೈ ಹೇಳುವ ಒಂದೇ ಒಂದು ಮಾತನ್ನೂ ಕುಡಿತ ಅಳಿಸಿಬಿಡುತ್ತದೆ.

ಹಾಗಂತ ಮೈಯ ನೋವೆಲ್ಲ ಮನಸ್ಸಿನದೇ ಅಂತ ತಿಳಿಯಬೇಡ. ಎದೆ ನೋವು ಬಂದರೆ ನೋಟ್‌ಬುಕ್ ತೆಗೆಯಬೇಡ, ಆಸ್ಪತ್ರೆಗೆ ಹೋಗು. ಥೈರಾಯ್ಡ್, ರಕ್ತಹೀನತೆ, ಸಕ್ಕರೆ, ಇವನ್ನೆಲ್ಲ ನೋಡಿಸಿಕೊಂಡ ಮೇಲೆಯೇ ನನ್ನ ಮಾತು. ಮತ್ತೆ, ನಿದ್ದೆ ಬಿಟ್ಟು, ಊಟ ಬಿಟ್ಟು, ಎಲ್ಲ ಸಾಕು ಅನ್ನಿಸಿದರೆ, ಅಥವಾ ಎರಡು ವಾರ ಕಳೆದರೂ ಒಳಗೆ ಬರೀ ಬಯಲು ಅನ್ನಿಸಿದರೆ, ಮಾಮಾನ ಪತ್ರ ಸಾಲದು. ಅದು ಖಿನ್ನತೆಯೂ ಇರಬಹುದು, ಅದಕ್ಕೆ ಔಷಧ ಇದೆ, ಮಾತಿನ ಚಿಕಿತ್ಸೆ ಇದೆ. ಹೊಸ ತಂದೆಯಂದಿರಿಗೂ ಅದು ಬರುತ್ತದೆ. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರುಮಾಡಿದ ಟೆಲಿ ಮನಸ್ ಇದೆ. 14416ಕ್ಕೆ ಫೋನ್ ಮಾಡಿದರೆ ಹಗಲು ರಾತ್ರಿ ಯಾವಾಗಲೂ ಮಾತಾಡುತ್ತಾರೆ, ದುಡ್ಡಿಲ್ಲ, ಕನ್ನಡದಲ್ಲೂ ಸಿಗುತ್ತಾರೆ. ಎರ‍್ರಗಡ್ಡ ಮಾನಸಿಕ ಆಸ್ಪತ್ರೆ ಅಂದರೆ ಹೈದರಾಬಾದಿನವರು ನಕ್ಕು ತಲೆಯ ಪಕ್ಕ ಬೆರಳು ತಿರುಗಿಸುತ್ತಾರೆ, ಗೊತ್ತು. ಅಲ್ಲಿಗೆ ಹೋಗಿ ಚೀಟಿ ಮಾಡಿಸಿ, ಸರತಿಯಲ್ಲಿ ಕೂತು, ವಾಸಿಯಾಗಿ ಬಂದು ಮಕ್ಕಳ ಮದುವೆ ಮಾಡಿದವರು ನನ್ನ ಕಚೇರಿಯಲ್ಲೇ ಇದ್ದರು. ಡಾಕ್ಟರ ಮುಂದೆ ಏನು ಹೇಳಬೇಕು ಅಂತ ತೋಚದಿದ್ದರೆ ನೋಟ್‌ಬುಕ್ಕನ್ನೇ ಮುಂದಿಡು. ಅವರಿಗೆ ಅದಕ್ಕಿಂತ ಒಳ್ಳೆಯ ಕಾಗದಪತ್ರ ಬೇಕಿಲ್ಲ.

ಕೂಸಿನ ಮುಂದೆ ಮಾತ್ರ ಈಗಿನಿಂದಲೇ ಹೆಸರು ಹಿಡಿದು ಮಾತಾಡು. ‘ಪುಟ್ಟಿಗ ಸಿಟ್ಟು ಬಂತಾ?’, ‘ಅಂಜಿದ್ಯಾ?’, ‘ಅವ್ವ ಬಂದಳು ಅಂತ ಹಿಗ್ಗು ನೋಡು!’ ಅವಳಿಗೆ ಕಲಿಸುತ್ತಾ ನೀನೂ ಕಲಿಯುತ್ತೀ. ನಿನಗೂ ನನಗೂ ಇದನ್ನು ಯಾರೂ ಕಲಿಸಲಿಲ್ಲ, ಹಿರಿಯರಿಗೂ ಬೇರೆ ಕೆಲಸ ಬಹಳ ಇತ್ತು.

ಮುಂದಿನ ಭಾನುವಾರ ಒಬ್ಬನೇ ಬರಬೇಡ, ಅವರಿಬ್ಬರನ್ನೂ ಕರೆದುಕೊಂಡು ಬಾ. ನಿಮ್ಮತ್ತೆ ಹೋಳಿಗೆ ಮಾಡುತ್ತಾಳಂತೆ. ನೋಟ್‌ಬುಕ್ ತಾ, ಎಲ್ಲಾ ಸಾಲಿಗೂ ಸಸ್ಪೆನ್ಸ್ ಅಂತಲೇ ಬರೆದಿದ್ದರೂ ತಾ. ಮೆಟ್ರೊ ಇಳಿದು ಬಿಸಿಲಲ್ಲಿ ನಡೆಯಬೇಡ, ಕೂಸಿಗೆ ತಡೆಯುವುದಿಲ್ಲ. ಆಟೊ ಮಾಡಿಕೊಂಡು ಬಾ, ದುಡ್ಡು ನಾನು ಕೊಡುತ್ತೇನೆ.

ನಿನ್ನ ಮಾಮಾ